ಇಪ್ಪತ್ತೋ ಎಪ್ಪತ್ತೋ: ಮೇಜಿನ ಮೇಲಿನ ಸ್ಪೀಕರ್ ಕುರಿತು

ಕೇಳುಗರಿಗೆ ನಮಸ್ಕಾರ.

ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುವುದು ನನ್ನ ವೃತ್ತಿ. ಕೆಲವು ವರ್ಷಗಳ ಹಿಂದೆ, ಸುಗ್ಗಿಯ ದಿನಗಳಲ್ಲಿ ಒಂದು ಸಂಜೆ, ಸಿಂಧನೂರಿನ ಅಡತಿ ವ್ಯಾಪಾರಿಯೊಬ್ಬರು ಭತ್ತದ ದರ ತಿಳಿಸಲು ಕರೆ ಮಾಡಿದರು. ಎರಡೂ ಕೈ ಕೀಲಿಮಣೆಯ ಮೇಲಿದ್ದ ಕಾರಣ ಕರೆಯನ್ನು ಕಂಪ್ಯೂಟರಿನಲ್ಲಿಯೇ ತೆಗೆದುಕೊಂಡೆ. 75 ಕಿಲೋ ಚೀಲಕ್ಕೆ ಅವರು ಹೇಳಿದ ದರ ಸಾವಿರದ ಎಂಟುನೂರ ಇಪ್ಪತ್ತೋ, ಸಾವಿರದ ಎಂಟುನೂರ ಎಪ್ಪತ್ತೋ ನನಗೆ ತಿಳಿಯಲಿಲ್ಲ. ಮತ್ತೆ ಕೇಳಿದೆ, ಮಗದೊಮ್ಮೆ ಕೇಳಿದೆ. ಕೊನೆಗೆ ಅವರು ಬೇಸತ್ತು, “ಎರಡರ ಮುಂದ ಸೊನ್ನಿ ರೀ, ಏಳರ ಮುಂದ ಅಲ್ಲ” ಎಂದು ಬಿಡಿಸಿ ಹೇಳಬೇಕಾಯಿತು. ಇನ್ನೂರು ಚೀಲದ ಒಂದು ಲೋಡಿಗೆ ಆ ಎರಡು ಅಂಕಿಗಳ ನಡುವಿನ ಅಂತರ ಹತ್ತು ಸಾವಿರ ರೂಪಾಯಿ. ದೋಷ ನೆಟ್‌ವರ್ಕಿನದು ಎಂದುಕೊಂಡು ಅದೇ ಕರೆಯನ್ನು ಫೋನಿಗೆ ಬದಲಿಸಿ ಕಿವಿಗೆ ಹಿಡಿದರೆ, ಅವರ ಮಾತು ಎದುರಿಗೆ ಕುಳಿತು ಆಡಿದಷ್ಟು ಸ್ಪಷ್ಟವಾಗಿತ್ತು.

ದೋಷವಿದ್ದದ್ದು ನನ್ನ ಸ್ಪೀಕರಿನಲ್ಲಿ. ಅದು ಹಳೆಯದೂ ಆಗಿರಲಿಲ್ಲ, ತೀರ ಅಗ್ಗದ್ದೂ ಆಗಿರಲಿಲ್ಲ. ಹದಿನೈದು ದಿನ ಮುಂಚೆಯಷ್ಟೇ ನಾನೇ ಮುಂದೆ ನಿಂತು ಆರಿಸಿ ತಂದದ್ದು. ಮೇಜಿನ ಮೇಲೆ ಇಡಲು ಅಂಗೈಯಗಲದ ಎರಡು ಡಬ್ಬಿಗಳು, ಮೇಜಿನ ಕೆಳಗೆ ಇಡಲು ಒಂದು ದೊಡ್ಡ ಪೆಟ್ಟಿಗೆ; ಅಂಗಡಿಯವರ ಮಾತಿನಲ್ಲಿ ಹೇಳುವುದಾದರೆ ಟೂ ಪಾಯಿಂಟ್ ಒನ್ ಸೆಟ್. ಅಂಗಡಿಯಲ್ಲಿ ಹಾಡು ಹಚ್ಚಿದಾಗ ಗಾಜಿನ ಕಪಾಟು ಅದುರಿತ್ತು, ನಾನು ಅದಕ್ಕೇ ಮರುಳಾಗಿದ್ದೆ. ಮನೆಯ ಅಥವಾ ಕಚೇರಿಯ ಮೇಜಿಗೆ ಕಡಿಮೆ ಬೆಲೆಯಲ್ಲಿ ಸ್ಪೀಕರ್ ಕೊಳ್ಳಲು ಹೊರಟವರು ಯಾವುದಕ್ಕೆ ಮರುಳಾಗಬಾರದು, ಯಾವುದಕ್ಕೆ ಕಿವಿಗೊಡಬೇಕು ಎಂಬುದನ್ನು ಈ ಒಂದು ತಪ್ಪಿನಿಂದ ಕಲಿತಷ್ಟು ಹೇಳುತ್ತೇನೆ. ಬಾನುಲಿಯಲ್ಲಿ ಕಂಪನಿಗಳ ಹೆಸರು ಹೇಳುವಂತಿಲ್ಲ. ಹೆಸರಿಲ್ಲದೆಯೇ ಒಳ್ಳೆಯದನ್ನು ಗುರುತಿಸಲು ಬರುತ್ತದೆ ಎಂಬುದು ನನ್ನ ಅನುಭವ.

ಮೊದಲು ಸ್ಪೀಕರ್ ಎಂದರೆ ಏನೆಂದು ನೋಡೋಣ. ಒಂದು ಅಯಸ್ಕಾಂತ, ಅದರ ನಡುವಿನ ಸಂದಿಯಲ್ಲಿ ತೆಳುವಾದ ತಂತಿಯ ಸುರುಳಿ, ಆ ಸುರುಳಿಗೆ ಅಂಟಿಸಿದ ಕಾಗದದ ಅಥವಾ ಪ್ಲಾಸ್ಟಿಕ್ಕಿನ ಶಂಕು. ಸುರುಳಿಯಲ್ಲಿ ವಿದ್ಯುತ್ತು ಹರಿದಂತೆಲ್ಲ ಶಂಕು ಹಿಂದೆ ಮುಂದೆ ಅಲುಗಿ ಗಾಳಿಯನ್ನು ತಳ್ಳುತ್ತದೆ. ಇಂದಿಗೂ ಬಳಕೆಯಲ್ಲಿರುವ ಈ ರಚನೆಗೆ 1925ರಲ್ಲಿ ಖಚಿತ ರೂಪ ಕೊಟ್ಟವರು ಅಮೆರಿಕದ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲ್ಲಾಗ್ ಎಂಬ ಇಬ್ಬರು ಎಂಜಿನಿಯರರು. ರೈಸ್ ಎಂಬ ಹೆಸರನ್ನು ಅಕ್ಕಿ ಗಿರಣಿಯ ಗುಮಾಸ್ತನಾದ ನಾನು ಮರೆಯುವುದು ಸಾಧ್ಯವಿಲ್ಲ. ಡೋಲಿನಂಥ ತಗ್ಗಿನ ದನಿಗೆ ಬಹಳ ಗಾಳಿಯನ್ನು ತಳ್ಳಬೇಕು, ಆದ್ದರಿಂದ ದೊಡ್ಡ ಶಂಕು ಬೇಕು. ಕೊಳಲಿನಂಥ ಏರುದನಿಗೆ ಚಿಕ್ಕದು ಸಾಕು. ಮೇಜಿನ ಸ್ಪೀಕರುಗಳ ಗುಣವೂ ದೋಷವೂ ಬಹುಮಟ್ಟಿಗೆ ಈ ಒಂದು ಸಂಗತಿಯಿಂದಲೇ ಹುಟ್ಟುತ್ತವೆ.

ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20ರಿಂದ 20,000 ಕಂಪನಗಳವರೆಗೆ, ಅಂದರೆ ಅಷ್ಟು ಹರ್ಟ್ಜ್‌ಗಳವರೆಗೆ ಕೇಳಬಲ್ಲದು. ಗಂಡಸಿನ ದನಿಯ ಮೂಲಸ್ವರ ಸುಮಾರು 85ರಿಂದ 180 ಹರ್ಟ್ಜ್, ಹೆಂಗಸಿನದು ಅದಕ್ಕಿಂತ ಮೇಲೆ. ಆದರೆ ಮಾತನ್ನು ಮಾತಾಗಿಸುವ ಗುರುತುಗಳು ಇರುವುದು ಮೂಲಸ್ವರದಲ್ಲಲ್ಲ, ಅದರ ಮೇಲಿನ ನಡುವಣ ಪಟ್ಟಿಯಲ್ಲಿ. ‘ಇ’ ಮತ್ತು ‘ಎ’ ಎಂಬ ಎರಡು ಸ್ವರಗಳನ್ನೇ ತೆಗೆದುಕೊಳ್ಳಿ. ಅವುಗಳನ್ನು ಬೇರ್ಪಡಿಸುವ ಒಂದು ಗುರುತು ಸುಮಾರು 300ರಿಂದ 500 ಹರ್ಟ್ಜ್ ನಡುವೆ, ಇನ್ನೊಂದು 2,000 ಹರ್ಟ್ಜ್ ಆಸುಪಾಸಿನಲ್ಲಿದೆ. ‘ಸ’ಕಾರದ ಸೀಳುದನಿ ಇನ್ನೂ ಮೇಲೆ, 4,000 ಹರ್ಟ್ಜ್ ದಾಟಿ ಕೇಳಿಸುತ್ತದೆ. ಅಗ್ಗದ ಟೂ ಪಾಯಿಂಟ್ ಒನ್ ಸೆಟ್ಟುಗಳಲ್ಲಿ ಮೇಲಿನ ಡಬ್ಬಿಗಳ ಶಂಕು ಎಷ್ಟು ಚಿಕ್ಕದಿರುತ್ತದೆ ಎಂದರೆ, 300 ಹರ್ಟ್ಜ್ ಹತ್ತಿರ ಬರುವ ಹೊತ್ತಿಗೆ ಅದರ ಶಕ್ತಿ ಉಡುಗಿರುತ್ತದೆ. ಆ ಕೊರತೆಯನ್ನು ತುಂಬಲು ಕೆಳಗಿನ ಪೆಟ್ಟಿಗೆ ತನ್ನದಲ್ಲದ ಕೆಲಸಕ್ಕೆ ಇಳಿಯುತ್ತದೆ, ತುಂಬಲಾರದೆ ಗುಂಯ್‌ಗುಡುತ್ತದೆ. ನನ್ನ ವ್ಯಾಪಾರಿಯ ದನಿಯ ಅರ್ಧ ನನ್ನ ಮೊಣಕಾಲಿನ ಬಳಿಯಿಂದಲೂ ಉಳಿದರ್ಧ ಮುಖದ ಎದುರಿನಿಂದಲೂ ಬರುತ್ತಿತ್ತು. ನಡುವೆ ಬಿದ್ದ ಕಂದಕದಲ್ಲಿ ‘ಇ’ ಮತ್ತು ‘ಎ’ಗಳ ಭೇದ ಮುಳುಗಿಹೋಗಿತ್ತು.

ಒಳ್ಳೆಯ ಟೂ ಪಾಯಿಂಟ್ ಒನ್ ಸೆಟ್ಟುಗಳು ಇಲ್ಲವೆಂದಲ್ಲ. ಸುಮಾರು 80 ಹರ್ಟ್ಜ್‌ಗಿಂತ ತಗ್ಗಿನ ದನಿ ಯಾವ ದಿಕ್ಕಿನಿಂದ ಬಂತೆಂದು ಕಿವಿಗೆ ತಿಳಿಯುವುದಿಲ್ಲವಾದ್ದರಿಂದ, ಆ ಒಂದು ಕೆಲಸವನ್ನು ಬೇರೆ ಪೆಟ್ಟಿಗೆಗೆ ಒಪ್ಪಿಸಿ ಮೂಲೆಯಲ್ಲಿಡುವುದು ಸರಿಯಾದ ವಿಚಾರವೇ. ಆದರೆ ಸಾವಿರ, ಒಂದೂವರೆ ಸಾವಿರ ರೂಪಾಯಿಯೊಳಗೆ ಮೂರು ಪೆಟ್ಟಿಗೆ ಕೊಳ್ಳುವುದಕ್ಕಿಂತ ಅದೇ ಹಣಕ್ಕೆ ಎರಡು ಪೆಟ್ಟಿಗೆಯ ಜೋಡಿಯನ್ನು ಕೊಂಡರೆ ಒಂದೊಂದಕ್ಕೂ ಹೆಚ್ಚು ಹಣ ಸಂದಾಯವಾದಂತಾಗುತ್ತದೆ ಎಂಬ ಲೆಕ್ಕ ಯಾರಿಗಾದರೂ ತಿಳಿಯುವಂಥದ್ದು. ಶಂಕು ಎರಡೂವರೆ ಇಲ್ಲವೆ ಮೂರು ಇಂಚಿನದಿದ್ದರೆ ಮೇಜಿನ ಕೆಲಸಕ್ಕೆ ಧಾರಾಳವಾಯಿತು. ಮಾನಿಟರಿನ ಕೆಳಗೆ ಉದ್ದಕ್ಕೆ ಮಲಗುವ ಒಂದೇ ಪಟ್ಟಿಯಂಥ ಸೌಂಡ್‌ಬಾರ್ ಜಾಗ ಉಳಿಸುತ್ತದೆ. ಇಕ್ಕಟ್ಟಾದ ಮೇಜಿಗೆ ಅದನ್ನೂ ನೋಡಬಹುದು.

ಇನ್ನು ವ್ಯಾಟಿನ ಮಾತು. ನನ್ನ ಸೆಟ್ಟಿನ ಡಬ್ಬದ ಮೇಲೆ ಸಾವಿರ ವ್ಯಾಟ್ ಎಂದು ದಪ್ಪಕ್ಷರಗಳಲ್ಲಿ ಅಚ್ಚಾಗಿತ್ತು. ಅದರ ಪಕ್ಕದಲ್ಲಿ ಸಣ್ಣದಾಗಿ ಪಿ.ಎಂ.ಪಿ.ಓ. ಎಂಬ ನಾಲ್ಕು ಅಕ್ಷರಗಳಿದ್ದವು. ಕ್ಷಣಮಾತ್ರದ ಶಿಖರಶಕ್ತಿಯನ್ನು ಎಣಿಸುತ್ತೇವೆಂದು ಹೇಳಿಕೊಳ್ಳುವ ಈ ಅಳತೆಗೆ ಒಪ್ಪಿತವಾದ ಯಾವ ಮಾನದಂಡವೂ ಇಲ್ಲ. ತಯಾರಕನು ತನಗೆ ತೋಚಿದಷ್ಟು ಬರೆದುಕೊಳ್ಳಬಹುದು. ನೋಡಬೇಕಾದದ್ದು ಆರ್.ಎಂ.ಎಸ್. ಎಂದು ನಮೂದಿಸಿದ ಸಂಖ್ಯೆ, ಅಂದರೆ ಸ್ಪೀಕರ್ ನಿರಂತರವಾಗಿ ಕೊಡಬಲ್ಲ ಶಕ್ತಿ. ಅದೂ ನಿಜವೇ ಎಂದು ಪರೀಕ್ಷಿಸಲು ಒಂದು ಸುಲಭವಾದ ದಾರಿಯಿದೆ. ಯು.ಎಸ್.ಬಿ. ತಂತಿಯಿಂದಲೇ ಶಕ್ತಿ ಪಡೆಯುವ ಸ್ಪೀಕರ್ ಆದರೆ, ಹಳೆಯ ಯು.ಎಸ್.ಬಿ. 2.0 ಕಿಂಡಿ ಕೊಡುವುದು 5 ವೋಲ್ಟಿನಲ್ಲಿ ಅರ್ಧ ಆಂಪಿಯರ್, ಅಂದರೆ ಎರಡೂವರೆ ವ್ಯಾಟ್, 3.0 ಕಿಂಡಿ ಕೊಡುವುದು ನಾಲ್ಕೂವರೆ ವ್ಯಾಟ್. ಬಾವಿಯಲ್ಲಿ ಇಲ್ಲದ್ದು ಕೊಡಕ್ಕೆ ಬಾರದು ಎನ್ನುವ ಹಾಗೆ, ಆ ಕಿಂಡಿಯಲ್ಲಿ ಬಾರದ ಶಕ್ತಿ ಆ ಸ್ಪೀಕರಿನಿಂದ ಹೊರಡಲಾರದು.

ಹಾಗೆಂದು ಎರಡೂವರೆ ವ್ಯಾಟ್ ಕಡಿಮೆಯಾಯಿತೆಂದು ಯಾರೂ ಹಿಂಜರಿಯಬೇಕಿಲ್ಲ. ಇಬ್ಬರು ಎದುರುಬದುರು ಕುಳಿತು ಆಡುವ ಮಾತಿನ ಗಟ್ಟಿತನ ಸುಮಾರು 60 ಡೆಸಿಬಲ್. ಚಿಕ್ಕ ಸ್ಪೀಕರುಗಳು ಸಾಮಾನ್ಯವಾಗಿ ಒಂದು ವ್ಯಾಟಿಗೆ, ಒಂದು ಮೀಟರ್ ದೂರದಲ್ಲಿ, 80 ಡೆಸಿಬಲ್ಲಿಗೂ ಮೇಲ್ಪಟ್ಟು ಧ್ವನಿ ಕೊಡುತ್ತವೆ. ಎರಡು ಮೂರು ಅಡಿ ದೂರದಲ್ಲಿ ಕುಳಿತು ಸಂಭಾಷಣೆ ಕೇಳಲು ವ್ಯಾಟಿನ ಹತ್ತನೆಯ ಒಂದು ಭಾಗವೂ ಖರ್ಚಾಗುವುದಿಲ್ಲ. ವ್ಯಾಟನ್ನು ಇಮ್ಮಡಿ ಮಾಡಿದರೆ ಹೆಚ್ಚುವುದು ಬರೀ 3 ಡೆಸಿಬಲ್. ಕಿವಿಗೆ ಧ್ವನಿ ಎರಡು ಪಟ್ಟಾಯಿತೆಂದು ಅನ್ನಿಸಬೇಕಾದರೆ ವ್ಯಾಟನ್ನು ಹತ್ತು ಪಟ್ಟು ಮಾಡಬೇಕು. ಹತ್ತು ವ್ಯಾಟಿನದಕ್ಕೂ ಇಪ್ಪತ್ತು ವ್ಯಾಟಿನದಕ್ಕೂ ಇರುವ ಬೆಲೆಯ ಅಂತರ ನಿಮ್ಮ ಮೇಜಿನ ಮೇಲೆ ಕೇಳಿಸುವುದೇ ಇಲ್ಲ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ.

ಅಂಗಡಿಗೆ ಹೋಗುವಾಗ ಹಾಡನ್ನು ಒಯ್ಯಬೇಡಿ, ಮಾತನ್ನು ಒಯ್ಯಿರಿ. ಮನೆಯವರೊಬ್ಬರ ದನಿಯನ್ನು ಫೋನಿನಲ್ಲಿ ಒಂದು ನಿಮಿಷ ಧ್ವನಿಮುದ್ರಿಸಿಕೊಂಡು ಹೋಗಿ. ನಾನು ಎರಡನೆಯ ಸಲ ಹೋದಾಗ ಮಗಳಿಂದ ಕೆಲವು ಪದಗಳನ್ನು ಓದಿಸಿಕೊಂಡು ಹೋಗಿದ್ದೆ: ಹಾಲು, ಹಾಳು, ಸಾಲ, ಶಾಲೆ, ಬಲ, ಬಳೆ, ಇಪ್ಪತ್ತು, ಎಪ್ಪತ್ತು. ನಿತ್ಯ ಕೇಳುವ ದನಿಯಾದ್ದರಿಂದ ಅದು ಎಲ್ಲಿ ಕೆಟ್ಟಿದೆ ಎಂಬುದು ಕೂಡಲೇ ಗೊತ್ತಾಗುತ್ತದೆ. ಒಂದು ಸ್ಪೀಕರಿನಲ್ಲಿ ಅವಳಿಗೆ ನೆಗಡಿಯಾದಂತೆ ಕೇಳಿಸಿತು, ಇನ್ನೊಂದರಲ್ಲಿ ತಗಡಿನ ಡಬ್ಬಿಯೊಳಗೆ ಕುಳಿತು ಓದಿದಂತೆ. ಮೂರನೆಯದರಲ್ಲಿ ನನ್ನ ಮಗಳೇ ಓದಿದಳು. ಅದು ಆ ಕಪಾಟಿನಲ್ಲಿ ಎಲ್ಲಕ್ಕಿಂತ ಕೆಳಗಿನ ಸಾಲಿನಲ್ಲಿತ್ತು, ಮೈತುಂಬ ಮಿನುಗುವ ದೀಪಗಳಿರಲಿಲ್ಲ, ಬೆಲೆಯೂ ಮೊದಲಿನ ಸೆಟ್ಟಿನ ಅರ್ಧಕ್ಕಿಂತ ತುಸು ಹೆಚ್ಚು.

ಈ ಪರೀಕ್ಷೆಯನ್ನು ತಗ್ಗಿಸಿದ ಧ್ವನಿಯಲ್ಲಿಯೇ ಮಾಡಬೇಕು. ಅಂಗಡಿಯವರು ಗುಂಡಿಯನ್ನು ಪೂರ್ತಿ ತಿರುಗಿಸಿ ತೋರಿಸುತ್ತಾರೆ. ಕಚೇರಿಯಲ್ಲಿ ನಾವು ಅಷ್ಟು ತಿರುಗಿಸುವುದು ಎಂದೂ ಇಲ್ಲ. ಗುಂಡಿಯನ್ನು ಕಾಲು ಭಾಗಕ್ಕಿಂತ ಕೆಳಗೆ ತಂದು ನಿಧಾನವಾಗಿ ಏರಿಸುತ್ತ ಹೋಗಿ. ಅಗ್ಗದ ಗುಂಡಿಗಳಲ್ಲಿ ಒಂದು ಬದಿ ಮೊದಲು ಮಾತನಾಡಿ ಇನ್ನೊಂದು ಬದಿ ತಡವಾಗಿ ಎಚ್ಚರಗೊಳ್ಳುತ್ತದೆ. ಅಂಥ ಜೋಡಿಯನ್ನು ತಂದರೆ ರಾತ್ರಿಯ ಹೊತ್ತು ಮೆಲ್ಲಗೆ ಕೇಳುವಾಗ ಸದಾ ಒಂದೇ ಕಿವಿಗೆ ಧ್ವನಿ. ತಿರುಗಿಸುವಾಗ ಕರಕರ ಸದ್ದು ಬಂದರೆ ಅದನ್ನು ಅಲ್ಲಿಯೇ ಬಿಟ್ಟು ಬನ್ನಿ. ಬಳಿಕ ಏನನ್ನೂ ನುಡಿಸದೆ ಗುಂಡಿಯನ್ನು ಪೂರ್ತಿ ಏರಿಸಿ ಕಿವಿಯನ್ನು ಹತ್ತಿರ ಒಯ್ಯಿರಿ. ಸಣ್ಣ ಸುಯ್ಯೆನ್ನುವ ಸದ್ದು ಸಹಜ, ಆದರೆ ಅದು ಮೊಳದಳತೆಯ ಆಚೆಗೂ ಕೇಳಿಸಬಾರದು. ಇನ್ನೊಂದು ಚಿಕ್ಕ ಪರೀಕ್ಷೆ ಬೆರಳಿನದು. ನಮ್ಮ ಕಿನ್ನಾಳದ ಗೊಂಬೆಗಳ ಸೊಗಸು ಅವುಗಳ ಹಗುರ ಮರದಲ್ಲಿದೆ, ಸ್ಪೀಕರಿನ ಪೆಟ್ಟಿಗೆಗೆ ಮಾತ್ರ ಆ ಹಗುರತನ ಸಲ್ಲದು. ಬೆರಳ ಗೆಣ್ಣಿನಿಂದ ತಟ್ಟಿದಾಗ ಅದು ಟೊಳ್ಳಾಗಿ ಮರುದನಿ ಕೊಡದೆ ಸುಮ್ಮನಿರಬೇಕು, ಏಕೆಂದರೆ ಪೆಟ್ಟಿಗೆ ತಾನೂ ಹಾಡತೊಡಗಿದರೆ ಒಳಗಿನ ಶಂಕಿನ ಮಾತು ಕೆಡುತ್ತದೆ.

ಮನೆಗೆ ತಂದ ಮೇಲೆ ‘ಗುಂಯ್’ ಎಂಬ ನಿರಂತರವಾದ ಮೊರೆತ ಕೇಳಿಸಿದರೆ ಅವಸರದಿಂದ ಸ್ಪೀಕರನ್ನು ದೂರಬೇಡಿ. ಲ್ಯಾಪ್‌ಟಾಪಿನ ಚಾರ್ಜರನ್ನು ಕಳಚಿ ನೋಡಿ. ಮೊರೆತ ನಿಂತುಹೋದರೆ ದೋಷ ಇರುವುದು ವಿದ್ಯುತ್ತಿನ ದಾರಿಯಲ್ಲಿ, ಬಹುಶಃ ಅರ್ಥಿಂಗಿನಲ್ಲಿ. ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿಯ ಬೇಸಿಗೆಯಲ್ಲಿ ನೆಲ ಬಿರಿದು ಒಣಗುವುದರಿಂದ ಅರ್ಥಿಂಗಿನ ಗುಂಡಿಯೂ ಒಣಗಿ, ವಿದ್ಯುತ್ತು ಮಣ್ಣಿಗೆ ಇಳಿಯುವ ದಾರಿ ಬಿಗಿಯಾಗುತ್ತದೆ. ಉಪ್ಪು, ಇದ್ದಿಲು ತುಂಬಿದ ಆ ಗುಂಡಿಗೆ ಬೇಸಿಗೆಯಲ್ಲಿ ಆಗಾಗ ನೀರು ಹಾಕಬೇಕೆಂದು ಹಿರಿಯ ವೈರ್‌ಮನ್‌ಗಳು ಹೇಳುವುದು ಈ ಕಾರಣಕ್ಕೇ. ಕಂಪ್ಯೂಟರನ್ನೂ ಸ್ಪೀಕರನ್ನೂ ಒಂದೇ ಪ್ಲಗ್ ಪಟ್ಟಿಗೆ ಸಿಕ್ಕಿಸಿದರೂ ಎಷ್ಟೋ ಸಲ ಮೊರೆತ ಅಡಗುತ್ತದೆ. ಮೊರೆತ ಹೋಗಲೆಂದು ಚಾರ್ಜರಿನ ಮೂರನೆಯ ಪಿನ್ನನ್ನು ಮುರಿದು ಹಾಕಿದವರನ್ನು ನಾನು ಕಂಡಿದ್ದೇನೆ. ಅದು ಜೀವಕ್ಕೆ ಎರವಾಗುವ ಕೆಲಸ, ದಯವಿಟ್ಟು ಮಾಡಬೇಡಿ. ಗೋಡೆಯ ವಿದ್ಯುತ್ತಿನಿಂದ ನಡೆಯುವ ಸ್ಪೀಕರ್ ಆದರೆ ಅದರ ಅಡಾಪ್ಟರಿನ ಮೇಲೆ ಭಾರತೀಯ ಮಾನಕ ಬ್ಯೂರೋದ ಗುರುತೂ ‘ಆರ್’ ಅಕ್ಷರದಿಂದ ಮೊದಲಾಗುವ ನೋಂದಣಿ ಸಂಖ್ಯೆಯೂ ಇವೆಯೇ ಎಂದು ಕೊಳ್ಳುವಾಗಲೇ ನೋಡಿಕೊಳ್ಳಿ.

ತಂತಿಯಿಲ್ಲದ ಬ್ಲೂಟೂತ್ ಸ್ಪೀಕರ್ ಬಗ್ಗೆ ಹಲವರು ಕೇಳುತ್ತಾರೆ. ಹೊಲಕ್ಕೆ, ಪ್ರವಾಸಕ್ಕೆ ಅದು ಅನುಕೂಲ. ಮೇಜಿಗೆ ನಾನು ಅದನ್ನು ಸೂಚಿಸುವುದಿಲ್ಲ, ಏಕೆಂದರೆ ಅದರಲ್ಲಿ ಧ್ವನಿ ಸೆಕೆಂಡಿನ ಹತ್ತನೆಯ ಒಂದೆರಡು ಭಾಗ ತಡವಾಗಿ ಬರುತ್ತದೆ. ಕರೆಗಳಲ್ಲಿ ಇಬ್ಬರೂ ಒಟ್ಟಿಗೆ ಮಾತು ಆರಂಭಿಸಿ ಒಟ್ಟಿಗೆ ನಿಲ್ಲಿಸುವ ಪೇಚು ಇದರಿಂದ ಹೆಚ್ಚುತ್ತದೆ. ಅದರೊಳಗಿನ ಮೈಕನ್ನು ಬಳಸತೊಡಗಿದರೆ ಧ್ವನಿಯ ಗುಣ ಹಳೆಯ ಟೆಲಿಫೋನಿನ ಮಟ್ಟಕ್ಕೆ ಇಳಿಯುವುದೂ ಉಂಟು. ಮೂರೂವರೆ ಮಿಲಿಮೀಟರಿನ ಪಿನ್ನುಳ್ಳ ಸಾಮಾನ್ಯ ತಂತಿಗೆ ಈ ಯಾವ ರಗಳೆಯೂ ಇಲ್ಲ. ಡೆಸ್ಕ್‌ಟಾಪಿನ ಹಿಂದೆ ಅದನ್ನು ಹಸಿರು ಕಿಂಡಿಗೆ ಸಿಕ್ಕಿಸಬೇಕು, ಗುಲಾಬಿ ಬಣ್ಣದ್ದು ಮೈಕಿಗೆ. ಎಚ್.ಡಿ.ಎಂ.ಐ. ತಂತಿಯಿಂದ ಮಾನಿಟರ್ ಜೋಡಿಸಿದ್ದರೆ ಕಂಪ್ಯೂಟರು ಧ್ವನಿಯನ್ನು ಮಾನಿಟರಿನತ್ತ ಕಳುಹಿಸಿ ಸ್ಪೀಕರನ್ನು ಮೂಕವಾಗಿಸುವುದುಂಟು. ಹೊಸ ಸ್ಪೀಕರ್ ಕೆಟ್ಟಿದೆಯೆಂದು ಅಂಗಡಿಗೆ ಹಿಂದಿರುಗಿಸುವ ಮುನ್ನ ಧ್ವನಿಯ ಸೆಟ್ಟಿಂಗಿನಲ್ಲಿ ಸರಿಯಾದ ಹೆಸರನ್ನು ಆರಿಸಿ ನೋಡಿ.

ಇಡುವ ಬಗೆಯಿಂದ ಕಾಸಿಲ್ಲದೆ ಸಿಗುವ ಲಾಭ ಬಹಳ. ಎರಡು ಸ್ಪೀಕರುಗಳ ನಡುವೆ ಎಷ್ಟು ಅಂತರವೋ ಅವುಗಳಿಂದ ನಿಮ್ಮ ತಲೆಗೂ ಅಷ್ಟೇ ಅಂತರವಿರಲಿ, ಮುಖ ನಿಮ್ಮ ಕಡೆಗೆ ತುಸು ಹೊರಳಿರಲಿ. ಗೋಡೆಗೆ ಅಂಟಿಸಿಟ್ಟರೆ ತಗ್ಗಿನ ದನಿ ಉಬ್ಬುತ್ತದೆ. ಒಂದು ಗೇಣು ಮುಂದಕ್ಕೆ ಎಳೆಯಿರಿ. ಸಾಮಾನ್ಯವಾಗಿ ಇವು ನಮ್ಮ ಎದೆಯ ಮಟ್ಟಕ್ಕಿದ್ದು ಕಿವಿಗೆ ಬರಬೇಕಾದ ಏರುದನಿಯನ್ನು ಅಂಗಿಯ ಗುಂಡಿಗೆ ಹೇಳುತ್ತಿರುತ್ತವೆ, ಆದ್ದರಿಂದ ಮುಂಭಾಗದ ಕೆಳಗೆ ಒಂದು ಎರೇಸರ್ ತುರುಕಿ ಮುಖವನ್ನು ಮೇಲಕ್ಕೆತ್ತಿದರೆ ‘ಸ’ಕಾರಗಳು ತಾವಾಗಿ ತಿಳಿಯಾಗುತ್ತವೆ. ನಮ್ಮ ಕಚೇರಿಯದು ಕಬ್ಬಿಣದ ತಗಡಿನ ಮೇಜು, ಗಟ್ಟಿ ದನಿಗೆ ಅದರ ಡ್ರಾಯರ್ ತಾನೂ ತಾಳ ಹಾಕುತ್ತಿತ್ತು. ಹಳೆಯ ಸೈಕಲ್ ಟ್ಯೂಬನ್ನು ನಾಲ್ಕು ತುಂಡು ಮಾಡಿ ಸ್ಪೀಕರುಗಳ ಅಡಿಗೆ ಹಾಸಿದ ದಿನದಿಂದ ಅದು ಸುಮ್ಮನಿದೆ.

ಕೊನೆಯದಾಗಿ ಧೂಳು. ಗಿರಣಿಯ ತೌಡಿನ ಧೂಳು ಜಾಲರಿಯಿಲ್ಲದ ಸ್ಪೀಕರಿನ ಶಂಕಿನ ಮೇಲೆ ಹಿಟ್ಟಿನಂತೆ ಕೂರುತ್ತದೆ, ಗುಂಡಿಯ ಸಂದಿಯೊಳಗೂ ಇಳಿಯುತ್ತದೆ. ಹಾಗಾಗಿ ಜಾಲರಿ ಇರುವುದನ್ನೇ ಕೊಳ್ಳಿ. ಜಾಲರಿ ಕಳಚಲು ಬಂದರೆ ಇನ್ನೂ ಒಳ್ಳೆಯದು. ಒದ್ದೆ ಬಟ್ಟೆ ತಾಗಿಸಬಾರದು, ಊದಲೂಬಾರದು, ಉಗುಳಿನ ಹನಿ ಬಿದ್ದರೆ ಕಾಗದದ ಶಂಕು ಸುರುಟುತ್ತದೆ. ಅಮಾವಾಸ್ಯೆಯ ದಿನ ಗಿರಣಿ ನಿಲ್ಲಿಸಿ ಯಂತ್ರಗಳಿಗೆ ಪೂಜೆ ಮಾಡುವಾಗ, ಬಣ್ಣ ಬಳಿಯುವ ಒಂದಿಂಚಿನ ಒಣ ಬ್ರಷ್ಷಿನಿಂದ ನಾನು ಸ್ಪೀಕರುಗಳನ್ನು ಒರೆಸಿ, ಗುಂಡಿಯನ್ನು ಆಚೆಯ ತುದಿಗೊಮ್ಮೆ ಈಚೆಯ ತುದಿಗೊಮ್ಮೆ ಹತ್ತು ಸಲ ತಿರುಗಿಸಿ, ಮಗಳು ಓದಿಕೊಟ್ಟ ಆ ಹಳೆಯ ಧ್ವನಿಮುದ್ರಣವನ್ನು ಒಮ್ಮೆ ಹಚ್ಚಿ ಕೇಳುತ್ತೇನೆ. ಕಳೆದ ಅಮಾವಾಸ್ಯೆಯಂದೂ ಇಪ್ಪತ್ತು ಇಪ್ಪತ್ತಾಗಿಯೇ ಕೇಳಿಸಿತು.

ನಮಸ್ಕಾರ.