ಲಯನ್ಸ್ ಡ್ರ್ಯಾಗ್ ಸ್ಟ್ರಿಪ್: ಬಂದರಿನ ಪಕ್ಕದ ಕಾಲು ಮೈಲಿ

(ದೃಶ್ಯ: ಲಾಸ್ ಏಂಜಲೀಸ್ ಬಂದರು ಪ್ರದೇಶದ ಹಳೆಯ ಕಪ್ಪು-ಬಿಳುಪು ವೈಮಾನಿಕ ಚಿತ್ರ)

ನಮಸ್ಕಾರ. ನೇರವಾದ ಒಂದು ರಸ್ತೆಯಲ್ಲಿ ಎರಡು ವಾಹನಗಳು ಅಕ್ಕಪಕ್ಕ ನಿಂತು, ಒಟ್ಟಿಗೆ ಹೊರಟು, ಕಾಲು ಮೈಲಿ ಅಂದರೆ ಸುಮಾರು 402 ಮೀಟರ್ ದೂರವನ್ನು ಯಾವುದು ಮೊದಲು ಮುಟ್ಟುತ್ತದೆ ಎಂದು ನೋಡುವ ಸ್ಪರ್ಧೆಯೇ ಡ್ರ್ಯಾಗ್ ರೇಸಿಂಗ್. ತಿರುವುಗಳಿಲ್ಲ, ಸುತ್ತುಗಳಿಲ್ಲ, ಸೋತವರು ಮನೆಗೆ ಹೋಗುತ್ತಾರೆ, ಗೆದ್ದವರು ಮುಂದಿನ ಜೋಡಿಯಲ್ಲಿ ನಿಲ್ಲುತ್ತಾರೆ. ಈ ಕ್ರೀಡೆ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಬೆಳೆದ ಕಾಲದ ಅತ್ಯಂತ ಹೆಸರುವಾಸಿ ಟ್ರ್ಯಾಕ್‌ಗಳಲ್ಲಿ ಒಂದಾದ, 1955ರಿಂದ 1972ರವರೆಗೆ ಮಾತ್ರ ಬದುಕಿದ ಲಯನ್ಸ್ ಡ್ರ್ಯಾಗ್ ಸ್ಟ್ರಿಪ್‌ನ ಇತಿಹಾಸವನ್ನು ಇಂದು ನೋಡೋಣ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಲಾಸ್ ಏಂಜಲೀಸ್ ಸುತ್ತಮುತ್ತಲಿನ ಯುವಕರು ಹಳೆಯ ಫೋರ್ಡ್ ಕಾರುಗಳನ್ನು ಅಗ್ಗದ ಬೆಲೆಗೆ ಕೊಂಡು, ಬೇಡದ ಭಾರವನ್ನೆಲ್ಲ ಕಿತ್ತುಹಾಕಿ, ಎಂಜಿನ್ ಬಲಪಡಿಸಿ, ರಾತ್ರಿ ಹೊತ್ತು ಸಾರ್ವಜನಿಕ ರಸ್ತೆಗಳಲ್ಲೇ ಪಂದ್ಯ ಕಟ್ಟುತ್ತಿದ್ದರು. ಅಪಘಾತಗಳು ಹೆಚ್ಚಿದವು, ಪೊಲೀಸರಿಗೂ ಊರಿನವರಿಗೂ ಅದು ದೊಡ್ಡ ತಲೆನೋವಾಯಿತು. ಹಿಡಿದು ದಂಡ ಹಾಕುವುದರಿಂದ ಈ ಚಟ ನಿಲ್ಲುವುದಿಲ್ಲ, ಬದಲಿಗೆ ಓಡಿಸಲು ಸುರಕ್ಷಿತವಾದ ಒಂದು ಜಾಗ ಕೊಡಬೇಕು ಎಂಬ ಯೋಚನೆಯನ್ನು ಸಿ.ಜೆ. ‘ಪ್ಯಾಪಿ’ ಹಾರ್ಟ್ 1950ರಲ್ಲೇ ಸಾಂಟಾ ಆನಾದಲ್ಲಿ ಕಾರ್ಯರೂಪಕ್ಕೆ ತಂದಿದ್ದರು. ವಿಮಾನ ನಿಲ್ದಾಣವೊಂದರ ಹೆಚ್ಚುವರಿ ರನ್‌ವೇಯಲ್ಲಿ, ಟಿಕೆಟ್ ಇಟ್ಟು, ಅವರು ನಿಯಮಿತವಾಗಿ ಡ್ರ್ಯಾಗ್ ರೇಸ್ ನಡೆಸತೊಡಗಿದರು. ಮರುವರ್ಷ, 1951ರಲ್ಲಿ, ವಾಲಿ ಪಾರ್ಕ್ಸ್ ಅವರು ರಾಷ್ಟ್ರೀಯ ಹಾಟ್ ರಾಡ್ (ಹೀಗೆ ಮಾರ್ಪಡಿಸಿದ ಕಾರು) ಸಂಘವನ್ನು, ಅಂದರೆ ಎನ್‌ಎಚ್‌ಆರ್‌ಎಯನ್ನು ಸ್ಥಾಪಿಸಿದಾಗ ಅದರ ಉದ್ದೇಶವೂ ಇದೇ ಆಗಿತ್ತು.

ಬಂದರು ಪ್ರದೇಶದಲ್ಲಿ ಈ ಕೆಲಸಕ್ಕೆ ಮುಂದಾದವರು ಲಯನ್ಸ್ ಕ್ಲಬ್‌ಗಳು. ನಮ್ಮ ಊರುಗಳಲ್ಲಿ ಕಣ್ಣಿನ ತಪಾಸಣೆಯ ಶಿಬಿರ ನಡೆಸುವ ಅದೇ ಲಯನ್ಸ್ ಕ್ಲಬ್. ಸುತ್ತಲಿನ ಹಲವು ಕ್ಲಬ್‌ಗಳು ಒಟ್ಟುಗೂಡಿ, ಲಾಸ್ ಏಂಜಲೀಸ್ ಬಂದರು ಇಲಾಖೆಗೆ ಸೇರಿದ, ವಿಲ್ಮಿಂಗ್ಟನ್‌ನ ಅಲಮೀಡಾ ರಸ್ತೆಯ ಬಳಿಯ ಜಾಗವನ್ನು ಗುತ್ತಿಗೆಗೆ ಪಡೆದವು. ಸೇವಾಸಂಸ್ಥೆಯೊಂದು ರೇಸ್ ಟ್ರ್ಯಾಕ್ ಕಟ್ಟಲು ಹೊರಟಿತೆಂಬುದು ಇಂದು ವಿಚಿತ್ರವೆನಿಸಬಹುದು; ಆದರೆ ಊರಿನ ಮಕ್ಕಳು ರಸ್ತೆಯಲ್ಲಿ ಸಾಯಬಾರದು ಎಂಬ ಕಾಳಜಿಯಿಂದ ಹುಟ್ಟಿದ ಈ ಯೋಜನೆ ನನ್ನ ದೃಷ್ಟಿಯಲ್ಲಿ ಅಪ್ಪಟ ಸಮಾಜಸೇವೆಯೇ. ಗುತ್ತಿಗೆಯ ಜಾಗ ಎಂಬ ಮಾತನ್ನು ಮಾತ್ರ ನೆನಪಿನಲ್ಲಿಡಿ, ಏಕೆಂದರೆ ಈ ಕಥೆಯ ಕೊನೆಯನ್ನು ನಿರ್ಧರಿಸಿದ್ದು ಅದೇ.

1955ರ ಅಕ್ಟೋಬರ್ 9ರಂದು ಟ್ರ್ಯಾಕ್ ಆರಂಭವಾಯಿತು. ಮೊದಲ ವ್ಯವಸ್ಥಾಪಕರು ಮಿಕಿ ಥಾಂಪ್ಸನ್. ಚಾಲಕನನ್ನು ಹಿಂದಿನ ಆಕ್ಸಲ್‌ಗಿಂತಲೂ ಹಿಂದಕ್ಕೆ ಕೂರಿಸಿ, ಭಾರವೆಲ್ಲ ಹಿಂಬದಿಯ ಚಕ್ರಗಳ ಮೇಲೆ ಬೀಳುವಂತೆ ಮಾಡಿದ ‘ಸ್ಲಿಂಗ್‌ಶಾಟ್’ ಎಂಬ ವಿನ್ಯಾಸವನ್ನು ಮೊದಲು ಕಟ್ಟಿದವರಲ್ಲಿ ಅವರ ಹೆಸರು ಎದ್ದು ಕಾಣುತ್ತದೆ. ಮುಂದೆ 1960ರಲ್ಲಿ ನಾಲ್ಕು ಎಂಜಿನ್‌ಗಳ ‘ಚಾಲೆಂಜರ್’ ವಾಹನವನ್ನು ಬಾನ್‌ವಿಲ್‌ನ ಉಪ್ಪಿನ ಬಯಲಿನಲ್ಲಿ ಗಂಟೆಗೆ 406 ಮೈಲಿಗೂ ಮೀರಿದ ವೇಗದಲ್ಲಿ ಓಡಿಸಿದವರೂ ಅವರೇ.

(ದೃಶ್ಯ: ಹೊರಡುವ ಗೆರೆಯ ಬಳಿ ನಿಂತ ಎರಡು ಡ್ರ್ಯಾಗ್‌ಸ್ಟರ್‌ಗಳು, ಹಿಂದೆ ಟೈರಿನ ಹೊಗೆ)

ಸ್ಪರ್ಧಿಗಳು ಲಯನ್ಸ್ ಅನ್ನು ಇಷ್ಟಪಡಲು ಅದರ ಭೂಗೋಳವೂ ಒಂದು ಕಾರಣ. ಟ್ರ್ಯಾಕ್ ಬಹುತೇಕ ಸಮುದ್ರಮಟ್ಟದಲ್ಲಿತ್ತು. ಅಲ್ಲಿನ ತಂಪಾದ, ಸಾಂದ್ರವಾದ ಗಾಳಿಯಲ್ಲಿ ಎಂಜಿನ್‌ಗೆ ಹೆಚ್ಚು ಆಮ್ಲಜನಕ ಸಿಗುತ್ತಿತ್ತು. ಆದ್ದರಿಂದ ಸಂಜೆಯಾದ ಮೇಲೆ ಒಳ್ಳೆಯ ಸಮಯ ದಾಖಲಿಸುವ ಆಸೆಯಿಂದ ದೂರದೂರದ ತಂಡಗಳು ಇಲ್ಲಿಗೆ ಬರುತ್ತಿದ್ದವು. 1955ರಲ್ಲಿ ಕಾಲು ಮೈಲಿಯ ಕೊನೆಗೆ ಗಂಟೆಗೆ 150 ಮೈಲಿ ಮುಟ್ಟುವುದೇ ದೊಡ್ಡ ಸಾಧನೆಯಾಗಿತ್ತು. 1972ರ ಹೊತ್ತಿಗೆ ನೈಟ್ರೋಮೀಥೇನ್ ಎಂಬ ಇಂಧನವನ್ನು ಉರಿಸುವ, ‘ಟಾಪ್ ಫ್ಯೂಯೆಲ್’ ಎಂಬ ಅತಿ ವೇಗದ ವಿಭಾಗದ ವಾಹನಗಳು ಸುಮಾರು ಆರು ಸೆಕೆಂಡುಗಳಲ್ಲಿ ಆ ದೂರ ಕ್ರಮಿಸಿ, ಗಂಟೆಗೆ 230 ಮೈಲಿಯ ಆಸುಪಾಸಿನಲ್ಲಿದ್ದವು. ನೈಟ್ರೋಮೀಥೇನ್ ತನ್ನ ಅಣುವಿನೊಳಗೇ ಆಮ್ಲಜನಕವನ್ನು ಹೊತ್ತಿರುವುದರಿಂದ, ಅಷ್ಟೇ ಗಾಳಿಯಲ್ಲಿ ಪೆಟ್ರೋಲಿಗಿಂತ ಹಲವು ಪಟ್ಟು ಹೆಚ್ಚು ಇಂಧನವನ್ನು ಉರಿಸಲು ಸಾಧ್ಯವಾಗುತ್ತದೆ. ಶಕ್ತಿಯ ಗುಟ್ಟು ಅದು. ಕಿವಿಗಡಚಿಕ್ಕುವ ಸದ್ದಿನ ಮೂಲವೂ ಅದೇ.

ಇಲ್ಲಿ ಬೆಳೆದ ಪೈಪೋಟಿಗಳಲ್ಲಿ ನಮಗೆ ತಟ್ಟನೆ ಅರ್ಥವಾಗುವಂಥದ್ದು ಡಾನ್ ಪ್ರುಡೋಮ್ ಮತ್ತು ಟಾಮ್ ಮೆಕ್ಯೂವನ್ ಅವರದು. ಪ್ರುಡೋಮ್‌ಗೆ ‘ಹಾವು’ ಎಂಬ ಅಡ್ಡಹೆಸರಿದ್ದರೆ ಮೆಕ್ಯೂವನ್ ‘ಮುಂಗುಸಿ’ ಎನಿಸಿಕೊಂಡರು. 1964ರಲ್ಲಿ ಲಯನ್ಸ್‌ನಲ್ಲಿ ಇಬ್ಬರೂ ಮುಖಾಮುಖಿಯಾದಾಗ ಗೆದ್ದದ್ದು ಮುಂಗುಸಿ. ಈ ಜೋಡಿಯ ಜನಪ್ರಿಯತೆ ಎಷ್ಟಿತ್ತೆಂದರೆ, 1970ರಲ್ಲಿ ಆಟಿಕೆ ತಯಾರಿಸುವ ಮಾಟೆಲ್ ಕಂಪನಿ ತನ್ನ ಹಾಟ್ ವೀಲ್ಸ್ ಹೆಸರಿನಲ್ಲಿ ಇಬ್ಬರನ್ನೂ ಪ್ರಾಯೋಜಿಸಿತು.

ಆದರೆ ಲಯನ್ಸ್‌ನ ಹೆಸರು ಈ ಕ್ರೀಡೆಯ ಇತಿಹಾಸದಲ್ಲಿ ಅಳಿಯದೆ ಉಳಿದಿರುವುದು 1970ರ ಮಾರ್ಚ್ 8ರಂದು ನಡೆದ ಒಂದು ಅಪಘಾತದಿಂದ. ಫ್ಲೋರಿಡಾದ ಡಾನ್ ಗಾರ್ಲಿಟ್ಸ್ ಆಗಲೇ ದೇಶದ ಅಗ್ರಮಾನ್ಯ ಚಾಲಕರಾಗಿದ್ದರು. ಸ್ಲಿಂಗ್‌ಶಾಟ್ ವಾಹನದಲ್ಲಿ ಎಂಜಿನ್ ಚಾಲಕನ ಎದುರಿಗೇ ಇರುತ್ತದೆ. ಕ್ಲಚ್ ಮತ್ತು ಗೇರ್ ಪೆಟ್ಟಿಗೆ ಅವನ ಕಾಲುಗಳ ನಡುವೆ ಬರುತ್ತವೆ. ಅಂದು ಹೊರಡುವ ಗೆರೆಯಲ್ಲೇ ಗಾರ್ಲಿಟ್ಸ್ ಅವರ ಗೇರ್ ಪೆಟ್ಟಿಗೆ ಸಿಡಿದು ವಾಹನ ಎರಡು ತುಂಡಾಯಿತು, ಅವರ ಬಲ ಪಾದದ ಒಂದು ಭಾಗ ತುಂಡಾಗಿ ಹೋಯಿತು. ಚೇತರಿಸಿಕೊಳ್ಳುತ್ತಿರುವಾಗ ಅವರು ಎಂಜಿನ್ ಅನ್ನು ಚಾಲಕನ ಬೆನ್ನ ಹಿಂದಕ್ಕೆ ಸಾಗಿಸುವ ಯೋಚನೆ ಮಾಡಿದರು. ಇಂಥ ಪ್ರಯತ್ನಗಳು ಹಿಂದೆಯೂ ನಡೆದಿದ್ದವು, ಆದರೆ ಆ ವಾಹನಗಳು ವೇಗದಲ್ಲಿ ನೇರವಾಗಿ ನಿಲ್ಲದೆ ಅಡ್ಡಾದಿಡ್ಡಿ ಹೋಗುತ್ತಿದ್ದವು. ಸ್ಟೀರಿಂಗ್ ಚಕ್ರವನ್ನು ಹೆಚ್ಚು ತಿರುಗಿಸಿದರೂ ಮುಂದಿನ ಗಾಲಿಗಳು ಸ್ವಲ್ಪವೇ ಹೊರಳುವಂತೆ ಅನುಪಾತವನ್ನು ಬದಲಿಸಿದಾಗ ಆ ಸಮಸ್ಯೆ ಬಗೆಹರಿಯಿತು. 1971ರಲ್ಲಿ ಪೊಮೋನಾ ಟ್ರ್ಯಾಕಿನ ವಿಂಟರ್‌ನ್ಯಾಷನಲ್ಸ್ ಎಂಬ ದೊಡ್ಡ ಸ್ಪರ್ಧೆಯನ್ನು ಗಾರ್ಲಿಟ್ಸ್ ಈ ಹೊಸ ವಾಹನದಲ್ಲೇ ಗೆದ್ದರು, ಕೆಲವೇ ವರ್ಷಗಳಲ್ಲಿ ಟಾಪ್ ಫ್ಯೂಯೆಲ್ ವಿಭಾಗದಿಂದ ಸ್ಲಿಂಗ್‌ಶಾಟ್ ಮರೆಯಾಯಿತು. ಅಂದಿನಿಂದ ಎಷ್ಟು ಚಾಲಕರ ಜೀವ ಉಳಿದಿರಬಹುದು ಎಂದು ಯೋಚಿಸಿದಾಗ, ಒಬ್ಬ ಗಾಯಾಳುವಿನ ಈ ಹಟಕ್ಕೆ ಕೃತಜ್ಞತೆ ಹೇಳಲೇಬೇಕೆನಿಸುತ್ತದೆ.

(ದೃಶ್ಯ: ಟ್ರ್ಯಾಕ್ ಸುತ್ತ ಬೆಳೆದ ಬಡಾವಣೆಗಳನ್ನು ತೋರಿಸುವ ನಕ್ಷೆ)

1965ರಿಂದ ಟ್ರ್ಯಾಕ್ ನಡೆಸುತ್ತಿದ್ದವರು ಸಾಂಟಾ ಆನಾದ ಅದೇ ಪ್ಯಾಪಿ ಹಾರ್ಟ್. ಪ್ರೇಕ್ಷಕರಿಗೆ ಬರವಿರಲಿಲ್ಲ, ಸ್ಪರ್ಧಿಗಳಿಗೂ ಬರವಿರಲಿಲ್ಲ. ಆದರೂ ಟ್ರ್ಯಾಕ್ ಮುಚ್ಚಿತು, ಏಕೆಂದರೆ ಸುತ್ತ ಊರು ಬೆಳೆದಿತ್ತು, ನೈಟ್ರೋಮೀಥೇನ್ ಉರಿಸುವ ವಾಹನಗಳ ಸದ್ದಿನ ಬಗ್ಗೆ ನಿವಾಸಿಗಳ ದೂರುಗಳು ಹೆಚ್ಚಿದ್ದವು. ರಾತ್ರಿ ಮಕ್ಕಳನ್ನು ಮಲಗಿಸಬೇಕಾದ ತಾಯಂದಿರ ದೂರನ್ನು ಅನ್ಯಾಯವೆಂದು ನಾನು ಹೇಳಲಾರೆ. ಆದರೆ ಜಾಗ ಟ್ರ್ಯಾಕಿನ ಸ್ವಂತದ್ದಾಗಿದ್ದರೆ ತಡೆಗೋಡೆ, ಸಮಯದ ಮಿತಿ ಮುಂತಾದ ದಾರಿಗಳನ್ನು ಹುಡುಕಲು ಅವಕಾಶವಿರುತ್ತಿತ್ತು; ಭೂಮಿ ಬಂದರಿನದಾಗಿದ್ದರಿಂದ ಕೊನೆಯ ಮಾತೂ ಬಂದರಿನದೇ ಆಯಿತು.

1972ರ ಡಿಸೆಂಬರ್ 2ರಂದು ನಡೆದ ಕೊನೆಯ ಸ್ಪರ್ಧೆಗೆ ಸಾವಿರಾರು ಜನ ಕಿಕ್ಕಿರಿದು ಸೇರಿದರು. ಟಾಪ್ ಫ್ಯೂಯೆಲ್ ಅಂತಿಮ ಓಟದಲ್ಲಿ ಕಾರ್ಲ್ ಓಲ್ಸನ್ ಅವರು ಜೆಬ್ ಆಲನ್ ಅವರನ್ನು ಸೋಲಿಸಿದರು. ನೆನಪಿಗೆಂದು ಕೈಗೆ ಸಿಕ್ಕಿದ್ದನ್ನು ಕಿತ್ತುಕೊಂಡು ಹೋದ ಅಭಿಮಾನಿಗಳೂ ಇದ್ದರು.

ಲಯನ್ಸ್ ಒಂದರದೇ ಕಥೆಯಲ್ಲ ಇದು. ಸಾಂಟಾ ಆನಾ 1959ರಲ್ಲಿ, ಸ್ಯಾನ್ ಫರ್ನಾಂಡೊ 1969ರಲ್ಲಿ, ಇರ್ವಿಂಡೇಲ್ ರೇಸ್‌ವೇ 1977ರಲ್ಲಿ, ಆರೆಂಜ್ ಕೌಂಟಿ ಇಂಟರ್‌ನ್ಯಾಷನಲ್ 1983ರಲ್ಲಿ ಮುಚ್ಚಿದವು. ಆ ತಲೆಮಾರಿನ ದೊಡ್ಡ ಟ್ರ್ಯಾಕ್‌ಗಳಲ್ಲಿ ಪೊಮೋನಾ ಉಳಿದುಕೊಂಡಿದ್ದು, ಅದು ಕೌಂಟಿಯ ವಾರ್ಷಿಕ ಜಾತ್ರೆ ನಡೆಯುವ ಮೈದಾನಕ್ಕೆ ಸೇರಿಕೊಂಡಿರುವುದು ಇದಕ್ಕೊಂದು ಕಾರಣವೆಂದು ನನಗೆ ತೋರುತ್ತದೆ. ಲಯನ್ಸ್ ಇದ್ದ ಜಾಗವನ್ನು ಕಾಲಕ್ರಮದಲ್ಲಿ ಬಂದರಿನ ಕಂಟೇನರ್ ವ್ಯವಹಾರ ಆವರಿಸಿತು. ಹಳೆಯ ಲಯನ್ಸ್‌ನ ನೋಟವನ್ನು ಕಾಣಬಯಸುವವರು ಈಗ ಹೋಗಬೇಕಾದದ್ದು ಹತ್ತಿರದ ರಾಂಚೊ ಡೊಮಿಂಗೆಜ್‌ಗೆ. ಅಲ್ಲಿ ಲಯನ್ಸ್ ಆಟೋಮೊಬಿಲಿಯಾ ಫೌಂಡೇಷನ್ ತನ್ನ ವಸ್ತುಸಂಗ್ರಹಾಲಯದೊಳಗೆ ಹಳೆಯ ಟ್ರ್ಯಾಕಿನ ನೋಟವನ್ನು ಮರುಸೃಷ್ಟಿಸಿ, ಆ ಕಾಲದ ವಾಹನಗಳನ್ನು ಕಾಪಾಡಿಕೊಂಡು ಬಂದಿದೆ.