ಸಣ್ಣ ಎ, ದೊಡ್ಡ ಎ

ಕೇಳುಗರಿಗೆ ನಮಸ್ಕಾರ.

ಮಂಗಳೂರು ಬಂದರಿನಲ್ಲಿ ಒಂದು ಅಡಿಕೆ ಮಂಡಿ ಎಂದಿಟ್ಟುಕೊಳ್ಳಿ. ರಾತ್ರಿ ಬಾಗಿಲು ಹಾಕಿದ ಮೇಲೆ ಅಲ್ಲಿನ ಕಂಪ್ಯೂಟರ್ ತಾನಾಗಿಯೇ ಅಂದಿನ ಬಿಲ್ಲುಗಳನ್ನು ಪುತ್ತೂರು, ಬೆಳ್ತಂಗಡಿಯ ಬೆಳೆಗಾರರಿಗೆ ಇಮೇಲ್ ಮಾಡಬೇಕು. ಮೌಸ್ ಹಿಡಿಯುವವರು ಯಾರೂ ಇಲ್ಲ. ಯಾರಿಗೆ, ಏನು ವಿಷಯ, ಯಾವ ಫೈಲು ಎಂದು ಒಂದು ಸಾಲಿನ ಕಮಾಂಡ್ ಬರೆದಿಡಬೇಕು. ತಕರಾರೆಲ್ಲ ಆ ಫೈಲಿನದ್ದೇ. ಕಮಾಂಡಿನಲ್ಲಿ ಅದನ್ನು ಪತ್ರಕ್ಕೆ ಲಗತ್ತಿಸುವ ಬಗೆ ಹೇಗಿರಬೇಕು ಎನ್ನುವುದೇ ಇಂದಿನ ಮಾತು.

ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ಮಿನ ಮೇಲ್ ಕಮಾಂಡ್ ಹುಟ್ಟಿದಾಗ ಅಟ್ಯಾಚ್‌ಮೆಂಟ್ ಎಂಬುದೇ ಇರಲಿಲ್ಲ. ಅದಕ್ಕೊಂದು ಕ್ರಮ ತಂದ ಮೈಮ್ ಮಾನದಂಡ ಬಂದದ್ದು 1992ರಲ್ಲಿ. ಆಮೇಲೆ ಮೇಲ್ ಪ್ರೋಗ್ರಾಂ ಬರೆದ ಒಬ್ಬೊಬ್ಬರು ಫೈಲು ಸೇರಿಸುವ ಆಪ್ಶನ್ನಿಗೆ, ಅಂದರೆ ಕಮಾಂಡಿನ ಜತೆ ಕೊಡುವ ಸೂಚನೆಗೆ, ತಮಗೆ ತೋಚಿದ ಅಕ್ಷರ ಇಟ್ಟರು. ಎಸ್-ನೇಲ್ ಎಂಬ ಪ್ರೋಗ್ರಾಂ‌ನಲ್ಲಿ ಸಣ್ಣ ಎ ಹಾಕಿದರೆ ಫೈಲು ಸೇರುತ್ತದೆ. ಗ್ನೂ ಮೇಲ್‌ಯುಟಿಲ್ಸ್‌ನಲ್ಲಿ ಅದೇ ಸಣ್ಣ ಎ, ವಿಳಾಸ ಮತ್ತು ವಿಷಯ ಇರುವ ಪತ್ರದ ತಲೆಭಾಗವಾದ ಹೆಡರ್‌ಗೆ ಒಂದು ಸಾಲು ಸೇರಿಸುತ್ತದೆ. ಫೈಲಿಗೆ ದೊಡ್ಡ ಎ ಬೇಕು. ನಾನು ಹೀಗೆ ಹೇಳುವಾಗ ಎರಡು ಎ ಗಳೂ ನಿಮಗೆ ಒಂದೇ ಥರ ಕೇಳಿಸಿರಬೇಕು. ಫೋನಿನಲ್ಲಿ ಕಮಾಂಡ್ ಹೇಳಿಕೊಡುವವರ ಪಾಡೂ ಇದೇ. ಆದ್ದರಿಂದ ಎರಡು ಅಡ್ಡಗೆರೆ ಹಾಕಿ ‘ಅಟ್ಯಾಚ್’ ಎಂಬ ಪೂರ್ತಿ ಪದವನ್ನೇ ಬರೆಯುವ ಅವಕಾಶ ಇರಲೇಬೇಕು ಎನ್ನುವುದು ನನ್ನ ಹಟ.

ಇನ್ನು, ಫೈಲು ಹಲವಿದ್ದರೆ? ನಕ್ಷತ್ರ ಚಿಹ್ನೆ ಹಾಕಿ ‘ಪಿಡಿಎಫ್ ಎಲ್ಲ’ ಎಂದು ಬರೆಯುತ್ತೇವೆ. ಅದನ್ನು ಹೆಸರುಗಳಾಗಿ ಬಿಡಿಸುವುದು ಶೆಲ್, ಅಂದರೆ ನಾವು ಬರೆದ ಕಮಾಂಡನ್ನು ಓದಿ ನಡೆಸುವ ಪ್ರೋಗ್ರಾಂ. ಮೇಲ್ ಪ್ರೋಗ್ರಾಮಿನ ಕಣ್ಣಿಗೆ ನಕ್ಷತ್ರ ಬೀಳುವುದೇ ಇಲ್ಲ, ಹೆಸರುಗಳ ಸಾಲಷ್ಟೇ ಬರುತ್ತದೆ. ಒಂದು ಆಪ್ಶನ್‌ಗೆ ಒಂದೇ ಫೈಲು ಎಂಬ ಲೆಕ್ಕವಿದ್ದರೆ ಎರಡನೇ ಬಿಲ್ಲಿನ ಹೆಸರು ಬೆಳೆಗಾರರ ವಿಳಾಸವಾಗಿ ಕೂರುತ್ತದೆ! ಎಷ್ಟು ಫೈಲಾದರೂ ಸರಿ ಎಂದರೆ, ಅವು ಮುಗಿದು ವಿಳಾಸ ಶುರುವಾದದ್ದು ತಿಳಿಯುವುದು ಹೇಗೆ? ಅದಕ್ಕೇ ಮಟ್ ಎಂಬ ಪ್ರೋಗ್ರಾಂ ಫೈಲುಗಳಿಗೂ ವಿಳಾಸಕ್ಕೂ ನಡುವೆ ಎರಡು ಅಡ್ಡಗೆರೆ ಕಡ್ಡಾಯ ಮಾಡಿದೆ. ಮರೆತರೆ ವಿಳಾಸವನ್ನೂ ಫೈಲೆಂದು ಹುಡುಕುತ್ತದೆ.

ನನ್ನ ಒಲವು ಒಂದು ಆಪ್ಶನ್‌ಗೆ ಒಂದು ಫೈಲು ಎಂಬ ಕಡೆಗೇ. ನಕ್ಷತ್ರ ಬೇಕೆಂದವರು ಕಮಾಂಡುಗಳನ್ನು ಬರೆದಿಟ್ಟ ಸ್ಕ್ರಿಪ್ಟಿನಲ್ಲಿ ಫೈಲುಗಳನ್ನು ಒಂದೊಂದಾಗಿ ಸೇರಿಸುವ ಒಂದು ಲೂಪ್ ಬರೆದುಕೊಳ್ಳಲಿ, ಅದೇನು ಮಹಾ ಕೆಲಸವಲ್ಲ.

ಗಾತ್ರದ ಮಾತೂ ಉಂಟು. ಇಮೇಲಿಗಾಗಿ ಫೈಲನ್ನು ಅಕ್ಷರಗಳಾಗಿ ಬದಲಿಸುವ ಬೇಸ್64ರಲ್ಲಿ 3 ಬೈಟು 4 ಅಕ್ಷರವಾಗುವುದರಿಂದ 15 ಎಂಬಿ ಫೈಲು 20 ಎಂಬಿ ದಾಟುತ್ತದೆ. ಮಿತಿ ಲೆಕ್ಕ ಹಾಕುವಾಗ ಡಿಸ್ಕಿನಲ್ಲಿ ಕಂಡ ಅಂಕಿಯನ್ನು ನಂಬಬಾರದು.

ಫೈಲು ಸಿಗದಿದ್ದರೆ ಬರೀ ಪತ್ರ ಕಳಿಸುವುದಂತೂ ಸಲ್ಲ. ಪ್ರೋಗ್ರಾಂ ಅಲ್ಲೇ ನಿಂತು, ಸಿಗದ ಫೈಲಿನ ಹೆಸರು ಹೇಳಿ, ಸೊನ್ನೆಯಲ್ಲದ ಎಕ್ಸಿಟ್ ಕೋಡ್, ಅಂದರೆ ಕೆಲಸ ಆಗಲಿಲ್ಲವೆಂದು ತಿಳಿಸುವ ಅಂಕಿ, ಕೊಡಬೇಕು. ಆಗ ಸ್ಕ್ರಿಪ್ಟ್ ಮುಂದಿನ ಬೆಳೆಗಾರರ ಹೆಸರಿಗೆ ಹೋಗುವ ಮೊದಲು ಇದನ್ನು ಬಾಕಿ ಪಟ್ಟಿಗೆ ಬರೆದಿಡಬಹುದು.