ಸ್ಲ್ಯಾಬ್ ಮೇಲೆ ಶೀಟ್ ಹೊಡೆಸುವ ಊರಿನಲ್ಲಿ ಇಂಧನ ಪಾಠ

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರು ಸ್ವಲ್ಪ ಮುಂದೆ ಬನ್ನಿ, ಈ ಮೈಕು ಯಾವಾಗ ಕೈ ಕೊಡುತ್ತದೋ ಗೊತ್ತಿಲ್ಲ.

ಇವತ್ತು ಇಲ್ಲಿಗೆ ಬರುವಾಗ ದಾರಿಯಲ್ಲಿ ಮನೆಗಳ ಮಾಡು ನೋಡಿದಿರಾ? ತೀರ್ಥಹಳ್ಳಿ ಕಡೆಯಿಂದ ಬನ್ನಿ, ಸಾಗರ, ಹೊಸನಗರದ ಕಡೆಯಿಂದ ಬನ್ನಿ, ಕಾಣೋದು ಒಂದೇ. ಆರ್‌ಸಿಸಿ ಮನೆ, ಅದರ ತಲೆ ಮೇಲೆ ಕಬ್ಬಿಣದ ಪೈಪಿನ ಟ್ರಸ್ಸು, ಅದಕ್ಕೆ ನೀಲಿಯೋ ಕೆಂಪೋ ಶೀಟು. ಲಕ್ಷಗಟ್ಟಲೆ ಸುರಿದು ಸ್ಲ್ಯಾಬ್ ಹಾಕಿಸುತ್ತಾರೆ, ಎರಡು ಮಳೆಗಾಲ ಕಳೆಯುವುದರೊಳಗೆ ಎಲ್ಲೋ ಒಂದು ಕಡೆ ಜಿನುಗುತ್ತದೆ, ಮೂಲೆಯಲ್ಲಿ ಬೂಷ್ಟು ಹಿಡಿಯುತ್ತದೆ, ಆಮೇಲೆ ಮತ್ತೆ ಸಾಲ ಮಾಡಿ ಶೀಟ್ ಹೊಡೆಸುತ್ತಾರೆ. ಒಂದು ಮನೆಗೆ ಎರಡು ಮಾಡಿನ ಖರ್ಚು. ಪ್ಲ್ಯಾನ್ ಬರೆದವರು ಯಾರು? ನಾವೇ ಇಂಜಿನಿಯರುಗಳು ಅಲ್ವಾ?

ಇಂಧನ ಉಳಿಸುವ ಕಟ್ಟಡದ ಬಗ್ಗೆ ನಮಗೆ ಟ್ರೈನಿಂಗ್ ಆಗಿಲ್ಲ ಅಂತೇನಲ್ಲ. ನಾನೂ ಬೆಂಗಳೂರಿಗೆ ಹೋಗಿ ಮೂರು ದಿನ ಕೂತು ಬಂದಿದ್ದೇನೆ. ಎಸಿ ಹಾಲು, ಊಟ ಚೆನ್ನಾಗಿತ್ತು, ಬ್ಯಾಗು, ಸರ್ಟಿಫಿಕೇಟು. ಮೂರು ದಿನವೂ ಗಾಜಿನ ಟವರುಗಳ ಬಗ್ಗೆ, ದೊಡ್ಡ ಎಸಿ ಪ್ಲಾಂಟುಗಳ ಬಗ್ಗೆ ಸ್ಲೈಡು ತೋರಿಸಿದರು. ಮಳೆ ಅನ್ನುವ ಶಬ್ದ ಒಂದು ಸಲವೂ ಬರಲಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗಿಂತ ಜಾಸ್ತಿ ಸುರಿಯುತ್ತದೆ. ಅಲ್ಲಿನವನಿಗೆ ಹೋಗಿ ಕೂಲಿಂಗ್ ಲೋಡ್, ಅಂದರೆ ಎಸಿ ಹೊರಹಾಕಬೇಕಾದ ಶಾಖದ ಲೆಕ್ಕ, ಹೇಳಿದರೆ ಅವನು ನಗದೆ ಇನ್ನೇನು ಮಾಡುತ್ತಾನೆ?

ಕಾನೂನಿನ ವಿಷಯ ಬೇಗ ಮುಗಿಸುತ್ತೇನೆ. ಇಂಧನ ಸಂರಕ್ಷಣಾ ಕಾಯ್ದೆ 2001ರದ್ದು. ಅದರ ಕೆಳಗೆ ಬಿಇಇ, ಅಂದರೆ ಇಂಧನ ದಕ್ಷತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ, ಹುಟ್ಟಿತು. ದೊಡ್ಡ ವಾಣಿಜ್ಯ ಕಟ್ಟಡಗಳಿಗೆ ಇಸಿಬಿಸಿ ಅನ್ನುವ ಇಂಧನ ಉಳಿತಾಯದ ಕೋಡ್ 2007ರಲ್ಲಿ ಬಂತು, 2017ರಲ್ಲಿ ಅದನ್ನು ಪರಿಷ್ಕರಿಸಿದರು. ಅದು ಅನ್ವಯಿಸುವುದು ಕನಿಷ್ಠ 100 ಕಿಲೋವ್ಯಾಟ್ ವಿದ್ಯುತ್ ಲೋಡ್ ಅಥವಾ 120 ಕೆವಿಎ ಬೇಡಿಕೆ ಇರುವ ಕಟ್ಟಡಕ್ಕೆ. ನಮ್ಮಲ್ಲಿ ದೊಡ್ಡ ಆಸ್ಪತ್ರೆ, ದೊಡ್ಡ ಲಾಡ್ಜು, ಕಾಲೇಜು ಇಷ್ಟೇ ಅದರಲ್ಲಿ ಬರುತ್ತವೆ. ವಾಸದ ಮನೆಗೆ ಅಂತಲೇ 2018ರಲ್ಲಿ ಇಕೋ ನಿವಾಸ್ ಸಂಹಿತಾ ಅನ್ನುವ ಕೋಡ್ ಬಂತು. ಅದು ಎಳೆದ ಗೆರೆ 500 ಚದರ ಮೀಟರ್ ನಿವೇಶನ, ಅದಕ್ಕಿಂತ ಚಿಕ್ಕದಕ್ಕೆ ಅನ್ವಯ ಇಲ್ಲ. ನಾವು ದಿನಾ ಬರೆಯೋದು 30-40 ಸೈಟು, ಅಂದರೆ ಹತ್ತಿರ ಹತ್ತಿರ 111 ಚದರ ಮೀಟರ್. ಹಾಗಾಗಿ ಕಾನೂನು ನಮ್ಮಲ್ಲಿ ಹೆಚ್ಚಿನವರನ್ನು ಹಿಡಿಯುವುದೇ ಇಲ್ಲ. 'ಮತ್ಯಾಕೆ ಸಾರ್ ನಮಗೆ ಇದೆಲ್ಲ' ಅಂತ ಕೇಳುವವರು ಈಗ ಮುಖ ಮುಖ ನೋಡಿಕೊಳ್ಳುತ್ತಿದ್ದೀರಿ, ನನಗೆ ಕಾಣುತ್ತಿದೆ.

ಹೇಳುತ್ತೇನೆ. ಆ ಸಂಹಿತೆಯಲ್ಲಿ ಒಂದು ಸೂತ್ರ ಇದೆ, ಮನೆಯ ಗೋಡೆ ಕಿಟಕಿಯಿಂದ ಒಳಗೆ ಎಷ್ಟು ಶಾಖ ಬರುತ್ತದೆ ಅಂತ ಅಳೆಯೋಕೆ. ಉತ್ತರ ಚದರ ಮೀಟರಿಗೆ 15 ವ್ಯಾಟ್ ದಾಟಬಾರದು. ಬೆಂಗಳೂರಿನಂಥ ಟೆಂಪರೇಟ್, ಅಂದರೆ ಹಿತವಾದ, ಹವೆಗೆ ಅದರಲ್ಲಿ ಮೂರು ಗುಣಕಗಳಿವೆ: 3.38, 0.37, 63.69. ಮೊದಲನೆಯದು ಗೋಡೆಗೆ, ಎರಡನೆಯದು ಗಾಜಿನ ಮೂಲಕ ಹಾಯುವ ಶಾಖಕ್ಕೆ, ಮೂರನೆಯದು ಗಾಜಿನೊಳಗೆ ನುಗ್ಗುವ ಬಿಸಿಲಿಗೆ. ಎಲ್ಲರೂ ಫೋನ್ ತೆಗೆಯಿರಿ, ಕ್ಯಾಲ್ಕುಲೇಟರ್ ಒತ್ತಿ. ಒಂಬತ್ತು ಇಂಚಿನ ಇಟ್ಟಿಗೆ ಗೋಡೆಯ ಯು-ವ್ಯಾಲ್ಯೂ, ಅಂದರೆ ಅದು ಶಾಖವನ್ನು ಎಷ್ಟು ಸುಲಭವಾಗಿ ಹಾಯಿಸುತ್ತದೆ ಅನ್ನುವ ಅಂಕಿ, ಸುಮಾರು 2. ಅದನ್ನು 3.38ರಿಂದ ಗುಣಿಸಿ. ಏಳರ ಹತ್ತಿರ ಬಂತಾ? ಈಗ ನೆರಳಿಲ್ಲದ ಸಾದಾ ಗಾಜು, ಬಿಸಿಲು ಬಿಡುವ ಪ್ರಮಾಣ 0.8 ಅಂತ ಹಿಡಿದು 63.69ರಿಂದ ಗುಣಿಸಿ. ಐವತ್ತೊಂದು. ಅಂದರೆ ಒಂದೇ ದಿಕ್ಕಿನಲ್ಲಿ ಒಂದು ಚದರ ಮೀಟರ್ ಬರೀ ಗಾಜು, ಏಳೆಂಟು ಚದರ ಮೀಟರ್ ಗೋಡೆಗೆ ಸಮ. ಅದೇ ಗಾಜಿನ ಮೇಲೆ ನಮ್ಮ ಅಜ್ಜನ ಮನೆಯ ಥರ ಸೂರು ನಾಲ್ಕು ಅಡಿ ಇಳಿದಿದ್ದರೆ ಆ 0.8 ಅನ್ನುವ ಅಂಕಿಯೇ ಕೆಳಗೆ ಬರುತ್ತದೆ. ಜಗಲಿ, ಇಳಿಮಾಡು ಯಾಕಿತ್ತು ಅನ್ನೋದಕ್ಕೆ ನನಗೆ ಮೊದಲ ಸಲ ಲೆಕ್ಕ ಸಿಕ್ಕಿದ್ದು ಈ ಸೂತ್ರದಲ್ಲಿ. ಸೂರು ಮಳೆಯನ್ನೂ ತಡೆಯುತ್ತದೆ, ಬಿಸಿಲನ್ನೂ ತಡೆಯುತ್ತದೆ. ನಾವು ಅದನ್ನು ಕತ್ತರಿಸಿ ಒಂದೂವರೆ ಅಡಿ ಸಜ್ಜಾ ಮಾಡಿದೆವು.

ನನ್ನದೇ ಕಥೆ ಹೇಳಿಬಿಡುತ್ತೇನೆ. ಸುಮಾರು ವರ್ಷಗಳ ಹಿಂದೆ ಶಿವಮೊಗ್ಗ ಪೇಟೆಯಲ್ಲಿ ಒಂದು ಆಫೀಸು ಮಾಡಿಕೊಟ್ಟೆ. ಪಶ್ಚಿಮಕ್ಕೆ ಪೂರ್ತಿ ಗಾಜು. ಬೆಂಗಳೂರಿನ ಥರ ಕಾಣಬೇಕು ಅಂದರು, ನನಗೂ ಹುಮ್ಮಸ್ಸು. ಮುಂದಿನ ಮಾರ್ಚಿಗೆ ಹೋಗಿ ನೋಡಿದರೆ ಮಧ್ಯಾಹ್ನ ಮೂರರ ಮೇಲೆ ಅಲ್ಲಿ ಕೂರೋಕಾಗದೆ ಒಳಗಿನಿಂದ ಗಾಜಿಗೆಲ್ಲ ನ್ಯೂಸ್‌ಪೇಪರ್ ಅಂಟಿಸಿದ್ದರು. ರಸ್ತೆಯಲ್ಲಿ ನಿಂತು ಹಳೇ ಸುದ್ದಿ ಓದಬಹುದಿತ್ತು. ಒಳಗೆ ಹಾಡಹಗಲು ಟ್ಯೂಬ್‌ಲೈಟು, ಎರಡು ಎಸಿ. ಆ ಕಟ್ಟಡಕ್ಕೆ ಯಾವ ಕೋಡೂ ಅನ್ವಯ ಆಗುತ್ತಿರಲಿಲ್ಲ. ಆದರೂ ಬಿಲ್ ಕಟ್ಟುತ್ತಿದ್ದದ್ದು ಅವರು, ನಾನಲ್ಲ.

ಕಿಟಕಿ ವಿಷಯ ಇನ್ನೊಂದಿದೆ. ತೆರೆಯುವ ಕಿಟಕಿಯ ಜಾಗ ನೆಲದ ಅಳತೆಯ ಇಷ್ಟು ಪಾಲು ಇರಬೇಕು ಅಂತ ಸಂಹಿತೆ ಹೇಳುತ್ತದೆ. ಟೆಂಪರೇಟ್ ಹವೆಗೆ 12.5 ಶೇಕಡಾ, ಕರಾವಳಿಯಂಥ ಸೆಖೆ-ತೇವದ ಹವೆಗೆ 16.66. ಲೆಕ್ಕ ಇಡೀ ಮನೆಯದ್ದು, ಆದರೆ ಅರ್ಥ ಆಗಲಿ ಅಂತ ಒಂದು ಕೋಣೆಗೆ ಇಳಿಸೋಣ. 10-12ರ ಕೋಣೆಗೆ, ಕಡಿಮೆ ಅಂಕಿ ಹಿಡಿದರೂ, 15 ಚದರ ಅಡಿ ಬೇಕು. ನಾವು 4-4ರ ಕಿಟಕಿ ಕೊಟ್ಟು ಹದಿನಾರಾಯ್ತಲ್ಲ ಅಂತೀವಿ. ಆದರೆ ಅದು ಸ್ಲೈಡಿಂಗು. ಅರ್ಧವೇ ತೆರೆಯೋದು, ಎಂಟು. ಮಲೆನಾಡಿನಲ್ಲಿ ಗಾಳಿ ಆಡದ ಕೋಣೆ ಅಂದರೆ ಆಗಸ್ಟಿನಲ್ಲಿ ಬಟ್ಟೆ ಒಣಗದ ಕೋಣೆ, ಬೀರುವಿನಲ್ಲಿ ಬೆಲ್ಟಿಗೂ ಬೂಷ್ಟು ಬರುವ ಕೋಣೆ.

ನಮ್ಮವರು ಇನ್ನೊಂದು ಮಾತು ಹೇಳುತ್ತಾರೆ, ಕರೆಂಟು ಹುಟ್ಟೋದೇ ನಮ್ಮ ಜಿಲ್ಲೆಯಲ್ಲಿ, ಉಳಿಸೋದು ಬೇರೆಯವರು ನೋಡಿಕೊಳ್ಳಲಿ ಅಂತ. ನಿಜ, ಶರಾವತಿ ವಿದ್ಯುದಾಗಾರ 1035 ಮೆಗಾವ್ಯಾಟಿನದು. ಅದಕ್ಕಾಗಿ ಊರು ಮುಳುಗಿಸಿಕೊಂಡವರ ಮಕ್ಕಳು ಈ ಹಾಲಿನಲ್ಲೇ ಇರಬಹುದು. ಆದರೆ ಫ್ಯಾನು, ಎಸಿ ಜಾಸ್ತಿ ತಿರುಗೋದು ಏಪ್ರಿಲ್, ಮೇನಲ್ಲಿ. ಆ ಶರಾವತಿಗೆ ನೀರು ಕೊಡುವ ಲಿಂಗನಮಕ್ಕಿ ಡ್ಯಾಮಿನಲ್ಲಿ ನೀರು ತಳ ಸೇರೋದೂ ಆಗಲೇ.

ಹಾಗಾದರೆ ತರಬೇತಿ ಹೇಗಿರಬೇಕು? ನನ್ನ ಆಸೆ ಇಷ್ಟು. ಇಂಜಿನಿಯರ್ ಒಬ್ಬನೇ ಬರಬಾರದು, ತನ್ನ ಮೇಸ್ತ್ರಿಯನ್ನು ಕರೆದುಕೊಂಡು ಬರಬೇಕು. ನಾವು ಡ್ರಾಯಿಂಗಿನಲ್ಲಿ ಮೂರು ಅಡಿ ಸೂರು ಬರೆದರೂ ಸೆಂಟ್ರಿಂಗ್ ಹೊಡೆಯುವಾಗ ಎರಡಕ್ಕೆ ಇಳಿಸುವವನು ಅವನು. ಸುಮ್ನೆ ಇಳಿಸೋದಿಲ್ಲ, ಹಲಗೆ ಸಾಲೋದಿಲ್ಲ ಅಂತ ಇಳಿಸುತ್ತಾನೆ. ಆ ಮಾತು ಹಾಲಿನಲ್ಲೇ ಆಗಲಿ. ಎರಡನೆಯದು, ಉದಾಹರಣೆಗೆ ಅಂತ ಯಾರದೋ ಟವರ್ ಬೇಡ, ಪ್ರತಿಯೊಬ್ಬರೂ ತಾವು ಕೊನೆಗೆ ಬರೆದ ಮನೆಯ ಪ್ಲ್ಯಾನ್ ತಂದು ಅದಕ್ಕೇ ಲೆಕ್ಕ ಹಾಕಲಿ. ನಾನು ಹಾಕಿದಾಗ ನನ್ನದು ಫೇಲಾಯಿತು. ಇನ್ನು ಸರ್ಟಿಫಿಕೇಟು. ಅದನ್ನು ಮೂರನೇ ದಿನ ಕೊಡಬಾರದು. ಒಂದು ಮಳೆಗಾಲ ಕಳೆದು, ಕಟ್ಟಿದ ಮನೆಗೆ ಹೋಗಿ ಗೋಡೆ ಮುಟ್ಟಿ ನೋಡಿ, ಮನೆಯ ಹೆಂಗಸರನ್ನು ಕೇಳಿ, ಆಮೇಲೆ ಕೊಡಬೇಕು. ಯಾರೂ ಒಪ್ಪೋದಿಲ್ಲ, ಗೊತ್ತು.

ಶೀಟಿನ ವಿಷಯಕ್ಕೆ ವಾಪಸ್ ಬರುತ್ತೇನೆ. ಸಂಹಿತೆ ಪ್ರಕಾರ ತಾರಸಿಯ ಯು-ವ್ಯಾಲ್ಯೂ 1.2 ದಾಟಬಾರದು. ಬರೀ ಕಾಂಕ್ರೀಟ್ ಸ್ಲ್ಯಾಬಿನದು ಅದರ ಎರಡು ಪಟ್ಟಿಗಿಂತಲೂ ಜಾಸ್ತಿ. ಆ ಮೇಲಿನ ಶೀಟು ಸೋರುವುದನ್ನು ತಡೆಯೋದರ ಜೊತೆಗೆ ಸ್ಲ್ಯಾಬಿಗೆ ನೆರಳೂ ಕೊಡುತ್ತದೆ. ಜನ ತಮಗೇ ಗೊತ್ತಿಲ್ಲದೆ ನಾವು ಬಿಟ್ಟ ಕೆಲಸ ಮುಗಿಸುತ್ತಿದ್ದಾರೆ. ಮೊದಲೇ ಇಳಿಜಾರು ಮಾಡು ಯೋಚಿಸಿದ್ದರೆ ಒಂದು ಖರ್ಚು ಉಳಿಯುತ್ತಿತ್ತು.

ಈಗ ಟೀ ಇದೆ. ಟೀ ಕುಡಿದು ಎಲ್ಲರೂ ಮೇಲಿನ ಮಹಡಿಗೆ ಬನ್ನಿ. ಈ ಕಟ್ಟಡದ ತಾರಸಿಗೆ ಅರ್ಧ ಮಾತ್ರ ಶೀಟ್ ಹೊಡೆಸಿದ್ದಾರೆ, ದುಡ್ಡು ಸಾಲದೆ ಅಂತೆ. ಎರಡೂ ಕಡೆಯ ಕೋಣೆಯಲ್ಲಿ ಸ್ಟೂಲ್ ಇಡಿಸಿದ್ದೇನೆ. ಹತ್ತಿ, ಸ್ಲ್ಯಾಬಿನ ಅಡಿಗೆ ಕೈ ಇಟ್ಟು ನೋಡಿ.